ಥ್ಯಾಂಕ್ಸ್‌ಗಿವಿಂಗ್ ದೇವರ ಹಬ್ಬಾನಾ, ಸರ್ಕಾರಿ ರಜಾನಾ?

ನವೆಂಬರ್ ಹತ್ರ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮ ಓದುಗರಿಂದ ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಹೆಚ್ಚುಕಮ್ಮಿ ಒಂದೇ ವಿಷಯ ಇರತ್ತೆ: ಥ್ಯಾಂಕ್ಸ್‌ಗಿವಿಂಗ್, ಅಂದ್ರೆ ನವೆಂಬರ್‌ನ ಒಂದು ಗುರುವಾರ ಮನೆಮಂದಿಯೆಲ್ಲ ಸೇರಿ ಊಟ ಮಾಡೋ ಕೃತಜ್ಞತೆಯ ದಿನ. ಈ ಸಲ ಅವನ್ನೆಲ್ಲ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ನಮ್ಮ ಅತ್ತೆ ಮಾವ ನಮ್ ಜೊತೆ ಇರೋಕೆ ಅಂತ ಬಂದಿದಾರೆ. ಮಕ್ಕಳು ಥ್ಯಾಂಕ್ಸ್‌ಗಿವಿಂಗ್ ಊಟ ಮನೇಲೇ ಮಾಡೋಣ ಅಂತ ಹಠ ಹಿಡಿದಿದಾರೆ. ಅತ್ತೆ "ಅದು ಕ್ರಿಶ್ಚಿಯನ್ನರ ಹಬ್ಬ ಕಣಮ್ಮಾ, ನಮಗ್ಯಾಕೆ" ಅಂತಾರೆ. ನಮ್ಮ ಯಜಮಾನ್ರು "ಏನಿಲ್ಲಮ್ಮ, ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಥರ ಸರ್ಕಾರಿ ರಜಾ ಅಷ್ಟೇ" ಅಂತಾರೆ. ಯಾರು ಹೇಳೋದು ಸರಿ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನೋಡಿಮ್ಮಾ, ಹುಟ್ಟಿದ್ದು ದೇವರ ಹೆಸರಲ್ಲೇ, ಅದನ್ನ ನಿಮ್ಮತ್ತೆ ಸರಿಯಾಗೇ ಹಿಡ್ಕೊಂಡಿದಾರೆ. ಆದ್ರೆ ಅದು ಈಗ ಕ್ರಿಶ್ಚಿಯನ್ನರ ಹಬ್ಬ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ಬೇಕಾಗತ್ತೆ.

ಎಲ್ರೂ ಮೊದಲ ಥ್ಯಾಂಕ್ಸ್‌ಗಿವಿಂಗ್ ಅನ್ನೋದು 1621ರ ಪ್ಲಿಮತ್ ಊಟಾನ. ಪ್ಲಿಮತ್ ಇರೋದು ಇವತ್ತಿನ ಮ್ಯಾಸಚೂಸೆಟ್ಸ್‌ನಲ್ಲಿ. ಹಿಂದಿನ ವರ್ಷ ಇಂಗ್ಲೆಂಡಿಂದ ಮೇಫ್ಲವರ್ ಹಡಗಲ್ಲಿ ಬಂದಿದ್ದ (ಪಿಲ್ಗ್ರಿಮ್‌ಗಳು ಅನ್ನೋದು ಇವರನ್ನೇ) 102 ಜನದಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ತೀರ್ಕೊಂಡಿದ್ರು, ಉಳಿದವರಿಗೆ ಬೆಳೆ ಕೈಗೆ ಬಂತು. ಆ ಊಟದ ಬಗ್ಗೆ ಎಡ್ವರ್ಡ್ ವಿನ್ಸ್ಲೋ ಅನ್ನೋರು ಅದೇ ಡಿಸೆಂಬರ್‌ನಲ್ಲಿ ಬರೆದ ಪತ್ರ ಇವತ್ತಿಗೂ ಇದೆ. ಹಕ್ಕಿ ಬೇಟೆಗೆ ನಾಲ್ಕು ಜನ ಹೋಗಿದ್ದು, ಬಂದೂಕು ಹಾರಿಸಿ ಆಟ ಆಡಿದ್ದು, ಅಲ್ಲಿಯ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯ್ಟ್ ತೊಂಬತ್ತರಷ್ಟು ಜನರ ಜೊತೆ ಬಂದಿದ್ದು, ಅವರು ಐದು ಜಿಂಕೆ ಹೊಡೆದು ತಂದಿದ್ದು, ಮೂರು ದಿನ ಒಟ್ಟಿಗೆ ಊಟ ಮಾಡಿದ್ದು ಇಷ್ಟು ಅದ್ರಲ್ಲಿ ಬರತ್ತೆ. ದೇವರ ದಯೆಯಿಂದ ನಮಗೇನೂ ಕೊರತೆ ಇಲ್ಲ ಅಂತಾನೂ ಬರೀತಾರೆ, ಆದ್ರೆ ಪ್ರಾರ್ಥನಾ ಸಭೆ ನಡೀತು ಅಂತ ಒಂದು ಸಾಲೂ ಇಲ್ಲ. ಅದು ಸುಗ್ಗಿ ಊಟ.

ಆ ಜನಕ್ಕೆ ದೇವರಿಗೆ ಕೃತಜ್ಞತೆ ಹೇಳೋ ದಿನ ಅಂದ್ರೆ ಬೇರೇನೇ ಇತ್ತು. ಚರ್ಚಲ್ಲಿ ಗಂಟೆಗಟ್ಟಲೆ ಕೂತು ಪ್ರಾರ್ಥನೆ ಮಾಡೋ ದಿನ ಅದು, ಅದಕ್ಕೆ ತಾರೀಖು ಅಂತ ಇರ್ಲಿಲ್ಲ. 1623ರಲ್ಲಿ ಬರ ಬಂದು ಆಮೇಲೆ ಮಳೆ ಬಿತ್ತು, ಆಗ ಒಂದು ದಿನ ಗೊತ್ತು ಮಾಡಿದ್ರು. ಒಳ್ಳೇದಾದ್ರೆ ಕೃತಜ್ಞತೆ ದಿನ, ಕೆಟ್ಟದಾದ್ರೆ ಉಪವಾಸದ ದಿನ. ಪ್ರತಿ ವರ್ಷ ಇದೇ ದಿನ ಅಂತ ಕ್ಯಾಲೆಂಡರಲ್ಲಿ ಹಾಕೋದನ್ನ ಪ್ಯೂರಿಟನ್ನರು, ಅಂದ್ರೆ ಆಗ ಅಲ್ಲಿದ್ದ ಕಟ್ಟಾ ಪ್ರೊಟೆಸ್ಟಂಟರು, ಒಪ್ಪೋರಲ್ಲ, ಮ್ಯಾಸಚೂಸೆಟ್ಸ್ ಬೇ ಕಾಲೋನೀಲಿ 1659ರಲ್ಲಿ ಕ್ರಿಸ್ಮಸ್ ಆಚರಿಸಿದೋರಿಗೆ ಐದು ಶಿಲ್ಲಿಂಗ್ ದಂಡ ಅಂತ ಕಾನೂನೇ ಮಾಡಿದ್ರು! ಹಾಗಾಗಿ ಇವತ್ತಿನ ನವೆಂಬರ್ ಗುರುವಾರಾನ ಆ ಭಕ್ತರ ಮುಂದೆ ಇಟ್ರೆ ಇದು ನಮ್ಮದಲ್ಲ ಅಂತಾನೇ ಅವರು ಹೇಳ್ತಿದ್ರು ಅಂತ ನನಗನ್ಸತ್ತೆ.

ಇನ್ನು ನಿಮ್ಮತ್ತೆ ಯಜಮಾನ್ರ ನಡುವೆ ನಡೀತಿರೋ ಜಗಳ ಇದ್ಯಲ್ಲ, ಅದೇ ಜಗಳ 1789ರಲ್ಲಿ ಅಮೆರಿಕದ ಸಂಸತ್ತಿನಲ್ಲೇ ಆಗಿದೆ. ಸೆಪ್ಟೆಂಬರ್ ಕೊನೇಲಿ ಎಲಿಯಸ್ ಬೌಡಿನಾಟ್ ಅನ್ನೋ ಸದಸ್ಯರು, ಹೊಸ ಸಂವಿಧಾನ ಬಂದಿದೆ, ದೇವರಿಗೆ ಕೃತಜ್ಞತೆ ಹೇಳೋಕೆ ಒಂದು ದಿನ ಘೋಷಿಸಿ ಅಂತ ಅಧ್ಯಕ್ಷರನ್ನ ಕೇಳೋಣ ಅಂದ್ರು. ದಕ್ಷಿಣ ಕೆರೊಲಿನಾದ ಥಾಮಸ್ ಟ್ಯೂಡರ್ ಟಕರ್ ಎದ್ದು ನಿಂತು, ಇದು ಧರ್ಮದ ವಿಷಯ, ಸಂಸತ್ತಿಗೆ ಇದ್ರಲ್ಲಿ ಏನೂ ಕೆಲ್ಸ ಇಲ್ಲ, ಅಲ್ದೇ ಈ ಸಂವಿಧಾನದಿಂದ ಒಳ್ಳೇದಾಗತ್ತೋ ಇಲ್ವೋ ಅಂತ ಜನ ಇನ್ನೂ ನೋಡಿಲ್ಲ ಅಂದ್ರು. ಅದೇ ವಾರ ಅದೇ ಸಂಸತ್ತು ಸರ್ಕಾರ ಯಾವ ಧರ್ಮಾನೂ ಸ್ಥಾಪಿಸಬಾರದು ಅನ್ನೋ ತಿದ್ದುಪಡೀನೂ ಪಾಸ್ ಮಾಡ್ತಾ ಇತ್ತು, ಅದನ್ನ ಮರೀಬಾರ್ದು. ಟಕರ್ ಮಾತು ನಡೀಲಿಲ್ಲ. ಅಧ್ಯಕ್ಷ ವಾಷಿಂಗ್ಟನ್ ಅಕ್ಟೋಬರ್ 3ಕ್ಕೆ ಘೋಷಣೆ ಹೊರಡಿಸಿದ್ರು, ನವೆಂಬರ್ 26 ಗುರುವಾರ ಅಂತ. ಅದ್ರ ತುಂಬಾ ಸರ್ವಶಕ್ತ ದೇವರು ಇದ್ದಾನೆ, ಯೇಸುವಿನ ಹೆಸರು ಮಾತ್ರ ಇಲ್ಲ. ಆ ಗುರುವಾರ ನ್ಯೂಯಾರ್ಕಿನ ಶೀರಿತ್ ಇಸ್ರೇಲ್ ಸಿನಗಾಗ್‌ನಲ್ಲಿ ಗೆರ್ಶಮ್ ಮೆಂಡೆಸ್ ಸೇಶಸ್ ಅನ್ನೋ ಯಹೂದಿ ಧರ್ಮಗುರುಗಳು ಪ್ರವಚನ ಮಾಡಿದ್ರು. ಅಂದ್ರೆ ಹೊಸ ಸಂವಿಧಾನ ಬಂದ್ಮೇಲಿನ ಮೊದಲ ರಾಷ್ಟ್ರೀಯ ದಿನದಲ್ಲೇ ಕ್ರಿಶ್ಚಿಯನ್ ಅಲ್ಲದವರೂ ಇದು ನಮ್ಮದೂ ಹೌದು ಅಂತ ಒಳಗೆ ಬಂದು ಕೂತಾಗಿತ್ತು.

ಬಾಗಿಲು ಯಾವಾಗ್ಲೂ ತೆರೆದೇ ಇತ್ತು ಅಂತ ಅಲ್ಲ. 1844ರಲ್ಲಿ ದಕ್ಷಿಣ ಕೆರೊಲಿನಾದ ಗವರ್ನರ್ ಜೇಮ್ಸ್ ಹ್ಯಾಮಂಡ್ ತನ್ನ ಘೋಷಣೇಲಿ ದೇವರು ಮತ್ತು ಆತನ ಮಗ ಯೇಸು ಕ್ರಿಸ್ತನ ಹೆಸರಲ್ಲಿ ಪ್ರಾರ್ಥಿಸಿ ಅಂತ ಬರೆದ, ಚಾರ್ಲ್ಸ್‌ಟನ್‌ನ ಯಹೂದಿಗಳು ನಾವೂ ಈ ರಾಜ್ಯದ ಪ್ರಜೆಗಳು, ನಮ್ಮನ್ನ ಹೊರಗಿಟ್ಟಿದೀರಿ ಅಂತ ಕಾಗದ ಬರೆದ್ರು, ಆತ ಕ್ಷಮೆ ಕೇಳಲ್ಲ ಅಂದ. ನಿಮ್ಮತ್ತೆ ಮನಸ್ಸಲ್ಲಿರೋ ಅಳುಕು ಹೊಸದಲ್ಲ ಅಂತ ತೋರ್ಸೋಕೆ ಇದನ್ನ ಹೇಳ್ದೆ, ಆ ಅಳುಕನ್ನ ಬಾಯಿಬಿಟ್ಟು ಹೇಳಿದ ಜನ ಇದ್ದಿದ್ರಿಂದಾನೇ ಈ ದಿನ ಎಲ್ರದ್ದೂ ಆಗಿದ್ದು.

ಜೆಫರ್ಸನ್ ಅಧ್ಯಕ್ಷರಾಗಿದ್ದ ಎಂಟು ವರ್ಷ ಒಂದೇ ಒಂದು ಘೋಷಣೆ ಮಾಡ್ಲಿಲ್ಲ. ಜನ ಯಾವಾಗ ಪ್ರಾರ್ಥನೆ ಮಾಡ್ಬೇಕು ಅಂತ ಹೇಳೋದು ಸರ್ಕಾರದ ಕೆಲ್ಸ ಅಲ್ಲ ಅನ್ನೋದು ಅವರ ನಿಲುವು. ನನಗೆ ಅದು ಪೂರ್ತಿ ಸರಿ ಅನ್ಸತ್ತೆ. ಅವರಾದ್ಮೇಲೆ ಬಂದ ಅಧ್ಯಕ್ಷ ಮ್ಯಾಡಿಸನ್ ಬ್ರಿಟನ್ ಜೊತೆಗಿನ 1812ರ ಯುದ್ಧದ ಟೈಮಲ್ಲಿ ಘೋಷಣೆ ಮಾಡಿದ್ರು, ಆಮೇಲೆ ವಯಸ್ಸಾದ್ಮೇಲೆ ಬರೆದ ಟಿಪ್ಪಣೀಲಿ ಇಂಥ ಘೋಷಣೆಗಳೇ ತಪ್ಪು ಅಂತ ವಾದ ಮಾಡಿದಾರೆ.

ಮುಂದೆ ಇದನ್ನ ದೇಶದ ಹಬ್ಬ ಮಾಡಿದ್ದು ಪಾದ್ರಿ ಅಲ್ಲ, ಒಬ್ಬ ಮ್ಯಾಗಜೀನ್ ಸಂಪಾದಕಿ. ಸಾರಾ ಜೋಸೆಫಾ ಹೇಲ್ ಅಂತ, ಐದು ಮಕ್ಕಳ ವಿಧವೆ, ಗೋಡೀಸ್ ಲೇಡೀಸ್ ಬುಕ್ ಅನ್ನೋ ಪತ್ರಿಕೆ ನಡೆಸ್ತಿದ್ರು. ವರ್ಷಾನುಗಟ್ಟಲೆ ಗವರ್ನರ್‌ಗಳಿಗೆ, ಒಬ್ಬರಾದ್ಮೇಲೆ ಒಬ್ಬ ಅಧ್ಯಕ್ಷರಿಗೆ ಪತ್ರ ಬರೆದ್ರು, ಇಡೀ ದೇಶ ಒಂದೇ ದಿನ ಊಟಕ್ಕೆ ಕೂತ್ರೆ ಒಡೆದುಹೋಗ್ತಿರೋ ದೇಶ ಒಂದಾಗಬಹುದು ಅನ್ನೋದು ಅವರ ಆಸೆ. ದೇಶ ಒಡೆದೇಹೋಯ್ತು, ಅಂತರ್ಯುದ್ಧ ಶುರುವಾಯ್ತು. 1863ರ ಸೆಪ್ಟೆಂಬರ್ 28ಕ್ಕೆ ಲಿಂಕನ್ನರಿಗೆ ಬರೆದ್ರು, ಒಂದು ವಾರದೊಳಗೆ ಅಕ್ಟೋಬರ್ 3ಕ್ಕೆ ಘೋಷಣೆ ಬಂತು. ಆ ಘೋಷಣೆ ಓದಿ ನೋಡಿ, ಬರೀ ಸಂತೋಷದ ಕಾಗದ ಅಲ್ಲ ಅದು, ದೇಶದ ತಪ್ಪುಗಳಿಗೆ ಪಶ್ಚಾತ್ತಾಪ ಪಡಿ, ಯುದ್ಧದಲ್ಲಿ ವಿಧವೆಯರಾದೋರು, ತಬ್ಬಲಿಗಳಾದೋರ ಮೇಲೆ ದಯೆ ಇರ್ಲಿ ಅಂತ ಬೇಡ್ಕೊಳ್ಳಿ ಅಂತ ಇದೆ. ಅಲ್ಲೂ ದೇವರಿದಾನೆ, ಯೇಸು ಇಲ್ಲ.

ಕಾನೂನಿನ ಕಥೆ ಚಿಕ್ಕದು. ಲಿಂಕನ್ ಘೋಷಣೆಯಿಂದ ನವೆಂಬರ್‌ನ ಕೊನೇ ಗುರುವಾರ ಅಂತ ರೂಢಿ ಆಗಿತ್ತು, 1939ರಲ್ಲಿ ಅದು 30ನೇ ತಾರೀಖು ಬಿತ್ತು, ಕ್ರಿಸ್ಮಸ್ ವ್ಯಾಪಾರಕ್ಕೆ ದಿನ ಕಮ್ಮಿ ಆಗತ್ತೆ ಅಂತ ಅಂಗಡಿಯೋರು ಕೇಳಿದ್ದಕ್ಕೆ ಅಧ್ಯಕ್ಷ ರೂಸ್ವೆಲ್ಟ್ ಒಂದು ವಾರ ಮುಂಚೆ 23ಕ್ಕೆ ತಂದ್ರು. ಸುಮಾರು ಅರ್ಧ ರಾಜ್ಯಗಳು ಆಗಲ್ಲ ಅಂತ ಹಳೇ ದಿನಾನೇ ಇಟ್ಕೊಂಡ್ವು, ಎರಡು ವರ್ಷ ಗೊಂದಲ ಆಗಿ ಕೊನೆಗೆ 1941ರ ಡಿಸೆಂಬರ್ 26ಕ್ಕೆ ನವೆಂಬರ್‌ನ ನಾಲ್ಕನೇ ಗುರುವಾರ ಅಂತ ಕಾನೂನಾಯ್ತು. ಆ ಕಾನೂನಲ್ಲಿ ಪ್ರಾರ್ಥನೆ ಮಾಡಿ ಅಂತ ಇಲ್ಲ, ಚರ್ಚಿಗೆ ಹೋಗಿ ಅಂತ ಇಲ್ಲ. ಅಂಗಡಿ ಬಿಸಿನೆಸ್‌ಗೋಸ್ಕರ ತಾರೀಖು ಅತ್ತಿತ್ತ ಆಗೋ ದಿನ, ವ್ರತ ಇಲ್ಲ, ಮಂತ್ರ ಇಲ್ಲ, ಇಂಥದ್ದು ಮಾಡದಿದ್ರೆ ದೋಷ ಅಂತ ಇಲ್ಲ, ಇದನ್ನ ಮತದ ಹಬ್ಬ ಅಂತ ಹೆಂಗೆ ಕರಿಯೋದು? ಭಾನುವಾರ ಅಂಗಡಿ ಮುಚ್ಚಿಸೋ ಕಾನೂನುಗಳ ಬಗ್ಗೆ 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲಿಗೂ ಹೊಂದತ್ತೆ: ಹುಟ್ಟಿದ್ದು ಧರ್ಮದಿಂದ ಆದ್ರೂ ಈಗ ಅದ್ರ ಕೆಲ್ಸ ಎಲ್ರಿಗೂ ಒಂದು ಬಿಡುವಿನ ದಿನ ಕೊಡೋದು.

ಅತ್ತೆಗೆ ಹೀಗೆ ಹೇಳಿ ನೋಡಿ: ದಿನ ಸರ್ಕಾರದ್ದು, ಯಾರಿಗೆ ಕೈ ಮುಗೀಬೇಕು ಅನ್ನೋ ಜಾಗ ಖಾಲಿ ಬಿಟ್ಟಿದಾರೆ, ನಿಮ್ಮ ದೇವರ ಮುಂದೆ ದೀಪ ಹಚ್ಚಿ ಊಟಕ್ಕೆ ಕೂತ್ರೂ ಅದು ಪೂರ್ತಿ ಥ್ಯಾಂಕ್ಸ್‌ಗಿವಿಂಗೇ. ಟರ್ಕಿ ಕೋಳಿ ತಿನ್ಬೇಕು ಅನ್ನೋ ನಿಯಮಾನೂ ಇಲ್ಲ, ವಿನ್ಸ್ಲೋ ಪತ್ರದಲ್ಲಿ ಟರ್ಕಿ ಹೆಸರೇ ಬರಲ್ಲ, ಸುಮ್ನೆ ಹಕ್ಕಿ ಅಂತಿದೆ. ಮೆಕ್ಕೆಜೋಳ, ಕುಂಬಳಕಾಯಿ, ಕ್ರ್ಯಾನ್‌ಬೆರಿ ಇವೆಲ್ಲ ಅಲ್ಲಿಯ ನೆಲದ್ದೇ, ಸಸ್ಯಾಹಾರಿ ಊಟಕ್ಕೆ ಬೇಕಾದಷ್ಟಾಯ್ತು.

ಪ್ರಶ್ನೆ: ಮಗಳು ಸೆಕೆಂಡ್ ಗ್ರೇಡ್, ಪಬ್ಲಿಕ್ ಸ್ಕೂಲು. ಈ ವಾರ "ನಾನು ಯಾವುದಕ್ಕೆ ಕೃತಜ್ಞೆ" ಅಂತ ಬರ್ಕೊಂಡು ಬರೋಕೆ ಹೇಳಿದಾರೆ, ಕಾಗದದ ಗರಿ ಕಿರೀಟ ಮಾಡಿ "ಇಂಡಿಯನ್" ವೇಷಾನೂ, ಅಂದ್ರೆ ಅಮೆರಿಕದ ಮೂಲನಿವಾಸಿಗಳ ವೇಷ, ಹಾಕ್ಬೇಕಂತೆ. ಸರ್ಕಾರಿ ಶಾಲೇಲಿ ಧರ್ಮ ತರಬಾರದು ಅಲ್ವಾ ಸಾರ್? ಕಂಪ್ಲೇಂಟ್ ಮಾಡ್ಲಾ?
— ಒಬ್ಬ ತಂದೆ, ಟೆಕ್ಸಾಸ್

ಉತ್ತರ: ಬರವಣಿಗೆಗೆ ಕಂಪ್ಲೇಂಟ್ ಬೇಡ. 1962ರ ಎಂಗಲ್ ವರ್ಸಸ್ ವಿಟಾಲೆ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪಬ್ಲಿಕ್ ಶಾಲೆ ತಾನೇ ಒಂದು ಪ್ರಾರ್ಥನೆ ಮಾಡಿ ಮಕ್ಕಳ ಕೈಲಿ ಹೇಳಿಸ್ಬಾರದು ಅಂತ. ಟೀಚರ್ ಪ್ರಾರ್ಥನೆ ಹೇಳಿಸಿದ್ರೆ ನೀವು ಕೇಳಬಹುದು, ಕೇಳಲೇಬೇಕು. ಮಗು ಅಜ್ಜಿಗೆ ಥ್ಯಾಂಕ್ಸ್ ಅಂತ ಬರೆದ್ರೆ ಅದ್ರಲ್ಲಿ ಧರ್ಮ ಎಲ್ಲಿಂದ ಬಂತು, ಅವಳಾಗೇ ದೇವರಿಗೆ ಅಂತ ಬರೆದ್ರೂ ಅದು ಅವಳ ಹಕ್ಕು.

ನನಗೆ ಹೊಟ್ಟೆ ಉರಿಯೋದು ಆ ಗರಿ ಕಿರೀಟಕ್ಕೆ. ವಾಂಪನೋಗ್ ಜನ ಅಂಥ ದೊಡ್ಡ ಗರಿ ಕಿರೀಟ ಹಾಕ್ತಿರ್ಲಿಲ್ಲ, ಅದು ಸಾವಿರಾರು ಮೈಲಿ ಪಶ್ಚಿಮದ ಬಯಲುಸೀಮೆ ಜನರದ್ದು, ಅಲ್ಲೂ ಯಾರು ಬೇಕಾದ್ರೂ ಹಾಕೋ ಹಂಗಿರ್ಲಿಲ್ಲ, ಮರ್ಯಾದೆ ಗಳಿಸಿದೋರು ಮಾತ್ರ. ವಾಂಪನೋಗರು ಇವತ್ತೂ ಮ್ಯಾಸಚೂಸೆಟ್ಸ್‌ನಲ್ಲಿ ಇದಾರೆ, ಮ್ಯಾಶ್‌ಪೀ ಅಂತ ಊರಿದೆ, ಅವರ ಮಕ್ಕಳೂ ಶಾಲೆಗೆ ಹೋಗ್ತಾರೆ.

ಆ ಊಟ ಆದ್ಮೇಲೆ ಏನಾಯ್ತು ಅನ್ನೋದು ಶಾಲೇಲಿ ಬರೋದು ಕಮ್ಮಿ. ಊಟಕ್ಕೆ ಬಂದಿದ್ದ ಮ್ಯಾಸಸಾಯ್ಟ್‌ನ ಮಗ ಮೆಟಾಕಮ್, ಇಂಗ್ಲಿಷರು ಅವನನ್ನ ಕಿಂಗ್ ಫಿಲಿಪ್ ಅಂತಿದ್ರು. ಭೂಮಿ ಎಲ್ಲ ಕೈಬಿಟ್ಟು ಹೋಗ್ತಾ ಬಂದು 1675ರಲ್ಲಿ ಯುದ್ಧ ಶುರುವಾಯ್ತು, ಮುಂದಿನ ವರ್ಷದ ಆಗಸ್ಟ್‌ನಲ್ಲಿ ಅವನನ್ನ ಕೊಂದು ತಲೆ ಕಡಿದು ಪ್ಲಿಮತ್‌ಗೆ ತಂದ್ರು, ತಂದ ದಿನ ಅಲ್ಲಿ ಚರ್ಚಲ್ಲಿ ದೇವರಿಗೆ ಕೃತಜ್ಞತೆ ಹೇಳೋ ದಿನ ಆಗಿತ್ತು. ತಲೇನ ಕಂಬಕ್ಕೆ ಸಿಕ್ಕಿಸಿ ವರ್ಷಾನುಗಟ್ಟಲೆ ಇಟ್ಟಿದ್ರು. ಅಪ್ಪ ಜಿಂಕೆ ತಂದುಕೊಟ್ಟ ಊರದು. ಇದು ಧಾರ್ಮಿಕ ದಿನಾನಾ ಸರ್ಕಾರಿ ದಿನಾನಾ ಅಂತ ನಾವು ಚರ್ಚೆ ಮಾಡುವಾಗ ಇದನ್ನ ಬಿಟ್ಟು ಚರ್ಚೆ ಮಾಡೋದು ನನಗೆ ಆಗಲ್ಲ, ಯಾಕಂದ್ರೆ ಕೃತಜ್ಞತೆ ಅನ್ನೋದು ದೇವರ ಹೆಸರಲ್ಲಿದ್ರೂ ದೇಶದ ಹೆಸರಲ್ಲಿದ್ರೂ ಇನ್ನೊಬ್ಬರ ಸಂಕಟದ ಮೇಲೆ ಕೂತಿದ್ರೆ ಅದು ಕೃತಜ್ಞತೆ ಆಗಿ ಉಳಿಯಲ್ಲ.

1970ರಲ್ಲಿ, ಪಿಲ್ಗ್ರಿಮ್‌ಗಳು ಬಂದು 350 ವರ್ಷ ಆಯ್ತು ಅಂತ ಸಮಾರಂಭ ಮಾಡಿ, ವಾಮ್ಸಟ್ಟಾ ಫ್ರ್ಯಾಂಕ್ ಜೇಮ್ಸ್ ಅನ್ನೋ ವಾಂಪನೋಗ್ ಮುಖಂಡರನ್ನ ಮಾತಾಡೋಕೆ ಕರೆದ್ರು. ಬರೆದಿಟ್ಟ ಭಾಷಣ ಮುಂಚೆನೇ ನೋಡಿ ಇದು ಆಗಲ್ಲ, ಬೇರೆ ಬರ್ಕೊಡ್ತೀವಿ ಓದಿ ಅಂದ್ರು. ಅವರು ಓದಲ್ಲ ಅಂದ್ರು. ಆ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ ಮ್ಯಾಸಸಾಯ್ಟ್ ಪ್ರತಿಮೆ ಹತ್ರ ಜನ ಸೇರಿದ್ರು, ಅವತ್ತಿಂದ ಪ್ರತಿ ವರ್ಷ ಅದೇ ಗುರುವಾರ ಅಲ್ಲಿ ರಾಷ್ಟ್ರೀಯ ಶೋಕದಿನ ನಡೀತಾ ಇದೆ. ಒಂದೇ ದಿನ ಕೆಲವರಿಗೆ ಹಬ್ಬ, ಕೆಲವರಿಗೆ ಸೂತಕ. ಟೀಚರ್ ಹತ್ರ ಜಗಳ ಬೇಡ, ಮರ್ಯಾದೆಯಿಂದ ಹೋಗಿ ಕಿರೀಟದ ಬದಲು ಆ ಜನ ಹೆಂಗೆ ಬದುಕ್ತಿದ್ರು, ಜೋಳ ಹೆಂಗೆ ಬೆಳೀತಿದ್ರು, ಈಗ ಎಲ್ಲಿದಾರೆ ಅಂತ ಹೇಳಿಕೊಡಿ ಅಂತ ಕೇಳಿ. ಬಹಳ ಟೀಚರ್‌ಗಳು ಸಂತೋಷವಾಗೇ ಒಪ್ತಾರೆ.

ಪ್ರಶ್ನೆ: ಆಫೀಸಿನ ಕಲೀಗ್ ಮನೆಗೆ ಊಟಕ್ಕೆ ಕರೆದಿದಾರೆ. ಊಟಕ್ಕೆ ಮುಂಚೆ ಎಲ್ರೂ ಕೈ ಕೈ ಹಿಡ್ಕೊಂಡು ಯೇಸು ಪ್ರಾರ್ಥನೆ ಮಾಡ್ತಾರಂತೆ. ನಾನೇನ್ ಮಾಡ್ಲಿ? ಹೋಗದೇ ಇರೋದೇ ವಾಸಿನಾ?
— ಒಬ್ಬ ಇಂಜಿನಿಯರ್, ಓಹಾಯೋ

ಉತ್ತರ: ಹೋಗಿ, ಖಂಡಿತ ಹೋಗಿ. ದೇಶದ್ದು ಏನೇ ಇರ್ಲಿ, ಅವರ ಮನೇಲಿ ಅದು ದೇವರ ದಿನ, ಅವರ ಊಟದ ಮೇಜಿಗೆ ಅವರ ಪದ್ಧತಿ. ಸರ್ಕಾರ ಹೇಳಿಸಬಾರದು ಅನ್ನೋ ಪ್ರಾರ್ಥನೇನ ಮನೆಯವರು ಹೇಳಬಾರದು ಅಂತ ಯಾರೂ ಅಂದಿಲ್ಲ. ಪಕ್ಕದವರು ಕೈ ಚಾಚಿದ್ರೆ ಹಿಡ್ಕೊಳ್ಳಿ, ತಲೆ ಬಗ್ಗಿಸಿ ಸುಮ್ನೆ ನಿಂತ್ರೆ ಸಾಕು, ಆಮೆನ್ ಅನ್ನಲೇಬೇಕು ಅಂತ ಇಲ್ಲ, ಯಾರೂ ಗಮನಿಸೋದೂ ಇಲ್ಲ. ನಂಬದೇ ಇರೋ ಮಾತನ್ನ ಬಾಯಲ್ಲಿ ಹೇಳೋದಕ್ಕಿಂತ ಸುಮ್ನಿರೋದು ಅವರ ದೇವರಿಗೂ ಮರ್ಯಾದೆ, ನಿಮಗೂ ಮರ್ಯಾದೆ.

ಆಮೇಲೆ ಸುಮಾರು ಮನೆಗಳಲ್ಲಿ ಒಬ್ಬೊಬ್ರಾಗಿ ಈ ವರ್ಷ ಯಾರಿಗೆ ಯಾವುದಕ್ಕೆ ಥ್ಯಾಂಕ್ಸ್ ಅಂತ ಹೇಳೋದಿರತ್ತೆ. ಅದಕ್ಕೆ ಮುಂಚೆನೇ ಒಂದು ಮಾತು ಯೋಚ್ನೆ ಮಾಡ್ಕೊಂಡು ಹೋಗಿ, ಎಲ್ಲ ಚೆನ್ನಾಗಿದೆ ಥ್ಯಾಂಕ್ಯೂ ಅಂತ ತೇಲಿಸಬೇಡಿ. ಹಿಂಗೇ ಒಂದು ಊಟದಲ್ಲಿ ನಾನು ಕೂತಿದ್ದೆ, ಪ್ರಾರ್ಥನೆ ಹೇಳಿದ್ದು ಮನೆ ಯಜಮಾನ, ಆತನ ಅಳಿಯನಿಗೆ ದೇವರಲ್ಲಿ ನಂಬಿಕೆ ಇಲ್ಲ. ಅಳಿಯನ ಸರದಿ ಬಂದಾಗ ತಾಯಿ ಆಸ್ಪತ್ರೇಲಿದ್ದಾಗ ರಾತ್ರಿ ಪಾಳಿ ನರ್ಸ್ ಒಬ್ಬಳು, ಡ್ಯೂಟಿ ಮುಗಿದ್ಮೇಲೂ ಕೋಟು ಹಾಕ್ಕೊಂಡೇ ವಾಪಸ್ ಬಂದು ತಾಯಿ ತುಟಿ ಒಣಗಿದ್ದಕ್ಕೆ ಒದ್ದೆ ಹತ್ತಿ ಒತ್ತಿ ಹೋದ್ಲು, ಅವಳ ಹೆಸರೂ ನಾನು ಕೇಳ್ಲಿಲ್ಲ, ಅವಳಿಗೆ ಥ್ಯಾಂಕ್ಸ್ ಅಂತ ಹೇಳಿ ಕೂತ. ಆಮೆನ್ ಅಂತ ಮೊದಲು ಅಂದಿದ್ದು ಮಾವನೇ.

ಪ್ರಶ್ನೆ: ದೇವರನ್ನ ನಂಬದವರಿಗೆ ಈ ದಿನದಲ್ಲಿ ಏನಿದೆ? ಥ್ಯಾಂಕ್ಸ್ ಹೇಳ್ಬೇಕು ಅಂದ್ರೆ ತಗೊಳೋಕೆ ಯಾರಾದ್ರೂ ಇರ್ಬೇಕಲ್ವಾ?
— ವಿದ್ಯಾರ್ಥಿನಿ, ಕ್ಯಾಲಿಫೋರ್ನಿಯಾ

ಉತ್ತರ: ಒಳ್ಳೇ ಪ್ರಶ್ನೆ ಕೇಳಿದೀಯಮ್ಮ, ಮೇಲಿನ ಉತ್ತರದಲ್ಲಿ ಅರ್ಧ ಬಂದಿದೆ. ತಗೊಳೋರು ಬೇಕಾದಷ್ಟು ಜನ ಇದಾರೆ. ನಿನ್ನ ತಟ್ಟೆಗೆ ಬರೋ ಕ್ರ್ಯಾನ್‌ಬೆರೀನೇ ತಗೋ, ವಿಸ್ಕಾನ್ಸಿನ್ ಮ್ಯಾಸಚೂಸೆಟ್ಸ್ ಕಡೆ ಶರತ್ಕಾಲದಲ್ಲಿ ಗದ್ದೆಗೆ ನೀರು ನಿಲ್ಲಿಸಿ, ತಣ್ಣನೆ ನೀರಲ್ಲಿ ಸೊಂಟದವರೆಗೆ ನಿಂತು ತೇಲೋ ಹಣ್ಣನ್ನ ಗುಡ್ಡೆ ಮಾಡ್ತಾರೆ. ಆ ಗುರುವಾರಾನೂ ಕೆಲ್ಸ ಮಾಡೋ ಫೈರ್‌ಮನ್, ಡ್ರೈವರ್, ಪೆಟ್ರೋಲ್ ಬಂಕಿನ ಹುಡುಗ ಇದಾರೆ, ಖಾಸಗಿ ಕಂಪನಿಗಳು ಅವತ್ತು ರಜಾ ಕೊಡಲೇಬೇಕು ಅಂತ ಫೆಡರಲ್ ಕಾನೂನೇನೂ ಇಲ್ಲ, ಹಾಗಾಗಿ ಎಷ್ಟೋ ಜನಕ್ಕೆ ಅದು ಮಾಮೂಲಿ ಕೆಲಸದ ದಿನ. ಮ್ಯಾಸಚೂಸೆಟ್ಸ್, ಮೇನ್, ರೋಡ್ ಐಲೆಂಡ್‌ನಲ್ಲಿ ಮಾತ್ರ ಹಳೇ ಕಾನೂನು ಉಳಿದು ದೊಡ್ಡ ಅಂಗಡಿಗಳು ಅವತ್ತು ತೆಗೆಯೋ ಹಂಗಿಲ್ಲ. ಚರ್ಚಿನೋರು ಶುರು ಮಾಡಿದ ಕಾನೂನಿನ ಲಾಭ ಈಗ ಬಿಲ್ಲಿಂಗ್ ಕೌಂಟರಲ್ಲಿ ನಿಲ್ಲೋ ಎಲ್ಲ ಧರ್ಮದ ಹುಡುಗಿಯರಿಗೂ ಸಿಗ್ತಿದೆ, ನನಗೆ ಇದು ಬಹಳ ಖುಷಿ ಕೊಡೋ ವಿಷಯ.

ಈ ನೆಲದ್ದೇ ಇನ್ನೊಂದು ಪದ್ಧತಿ ಇದೆ, ಪಿಲ್ಗ್ರಿಮ್‌ಗಳು ಕಲಿಸಿದ್ದಲ್ಲ. ನ್ಯೂಯಾರ್ಕ್ ಮತ್ತು ಕೆನಡಾ ಕಡೆಯ ಮೂಲನಿವಾಸಿಗಳಾದ ಹೋಡೆನಶೋನಿ ಜನ ಸಭೆ ಸೇರಿದಾಗ ಬೇರೆ ಮಾತಿಗೆ ಮುಂಚೆ ಕೃತಜ್ಞತೆಯ ಮಾತು ಹೇಳ್ತಾರೆ. ಮನುಷ್ಯರಿಂದ ಶುರುಮಾಡಿ ಭೂಮಿ, ನೀರು, ಮೀನು, ಗಿಡ, ಮರ, ಹಕ್ಕಿ, ಗಾಳಿ, ಸೂರ್ಯ, ಚಂದ್ರ, ನಕ್ಷತ್ರ ಅಂತ ಒಂದೊಂದನ್ನೂ ಹೆಸರು ಹಿಡಿದು ಥ್ಯಾಂಕ್ಸ್ ಹೇಳ್ತಾರೆ, ಕೊನೇಲಿ ಸೃಷ್ಟಿಕರ್ತನಿಗೂ ಹೇಳ್ತಾರೆ. ವರ್ಷಕ್ಕೊಂದು ದಿನ ಅಂತಿಲ್ಲ, ಸೇರಿದಾಗೆಲ್ಲ. ದೇವರ ಜಾಗಕ್ಕೆ ಬರೋವರೆಗೂ ಎಷ್ಟು ದೊಡ್ಡ ಪಟ್ಟಿ ಇದೆ ನೋಡು, ನೀನು ಅಲ್ಲಿವರೆಗೆ ಬಂದು ನಿಂತ್ರೂ ನಿನ್ನ ಥ್ಯಾಂಕ್ಸ್ ಗಾಳೀಲಿ ಹೋಗಲ್ಲ.

ಪ್ರಶ್ನೆ: ಕೆನಡಾದ್ದು ಅಕ್ಟೋಬರ್‌ನಲ್ಲೇ ಮುಗಿಯತ್ತೆ. ಇಲ್ಲಿ ಪಿಲ್ಗ್ರಿಮ್ ಕಥೆ ಇಲ್ಲವಲ್ಲ, ಹಾಗಾದ್ರೆ ನಮ್ಮದು ಪೂರ್ತಿ ಸೆಕ್ಯುಲರ್ ಅಂತ ಹೇಳಬಹುದಾ?
— ಓದುಗರು, ಟೊರಾಂಟೊ

ಉತ್ತರ: ಕಾಗದದ ಮೇಲೆ ನೋಡಿದ್ರೆ ಉಲ್ಟಾ ಸ್ವಾಮಿ. 1957ರ ಜನವರಿ 31ಕ್ಕೆ ಕೆನಡಾ ಸಂಸತ್ತು ಅಕ್ಟೋಬರ್‌ನ ಎರಡನೇ ಸೋಮವಾರ ಅಂತ ಗೊತ್ತು ಮಾಡಿದಾಗ, ಒಳ್ಳೆ ಬೆಳೆ ಕೊಟ್ಟಿದ್ದಕ್ಕೆ ಸರ್ವಶಕ್ತ ದೇವರಿಗೆ ಕೃತಜ್ಞತೆ ಹೇಳೋ ದಿನ ಅಂತ ಸ್ಪಷ್ಟವಾಗೇ ಬರೆದಿದಾರೆ. ಅಮೆರಿಕದ 1941ರ ಕಾನೂನಲ್ಲಿ ಇಂಥ ಮಾತಿಲ್ಲ. ಆದ್ರೂ ನಿಮ್ಮ ಅಕ್ಕಪಕ್ಕದ ಮನೆಗಳಲ್ಲಿ ಅವತ್ತು ಎಷ್ಟು ಜನ ಚರ್ಚಿಗೆ ಹೋದ್ರು, ಎಷ್ಟು ಜನ ಮಕ್ಕಳು ಮೊಮ್ಮಕ್ಕಳ ಜೊತೆ ಊಟಕ್ಕೆ ಕೂತ್ರು ಅಂತ ನೀವೇ ನೋಡಿರ್ತೀರಿ, ಘೋಷಣೆ ನೋಡಿ ಹಬ್ಬದ ಜಾತಿ ಹೇಳೋಕಾಗಲ್ಲ ಅಂತ ನಾನು ಹೇಳ್ತಿರೋದು ಅದಕ್ಕೇ.